ಸಾರಥಿಯ ಪ್ರಶ್ನೆ: ಕೃಷ್ಣಾ–ಘಟಪ್ರಭಾ ಸೀಮೆಯ ನೋಡುಗರು ಸಂಕೇತವನ್ನು ನಗೆಯಿಂದ ಓದಿದ ಬಗೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸರೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ರಂಗಪರಂಪರೆಯನ್ನು ಕುರಿತ ಬರಹಗಳು ಕವಿಗಳನ್ನು, ನಟರನ್ನು, ಮೇಳಗಳನ್ನು ಎಣಿಸುವುದೇ ಹೆಚ್ಚು. ಬೆಳತನಕ ಕೂತು ಆಟ ನೋಡಿದ ಜನ ಅದರ ಅರ್ಥವನ್ನು ಹೇಗೆ ಬಿಡಿಸಿಕೊಂಡರು ಎಂಬ ಪ್ರಶ್ನೆಗೆ ಅವು ಅಷ್ಟಾಗಿ ಕೈಹಾಕುವುದಿಲ್ಲ. ಸಂಕೇತವೆಂದರೆ ಕಣ್ಣಿಗೆ ಕಾಣುವ ಒಂದು ವಸ್ತುವಿನ ಮೂಲಕ ಕಾಣದ ಇನ್ನೊಂದನ್ನು ಹೊಳೆಯಿಸುವ ಉಪಾಯ. ಶರಣರ ವಚನಗಳಲ್ಲಿ ಅದಕ್ಕೆ ಬೆಡಗು ಎಂಬ ಹೆಸರಿದೆ, ಹರಿದಾಸರಲ್ಲಿ ಅದು ಮುಂಡಿಗೆಯ ರೂಪ ತಾಳಿದೆ, ಗಂಡನ ಹೆಸರನ್ನು ನೇರವಾಗಿ ಹೇಳದೆ ಸುತ್ತಿ ಬಳಸಿ ಹೇಳುವ ಹೆಣ್ಣುಮಕ್ಕಳ ಒಡಪಿನಲ್ಲಿಯೂ ಅದೇ ಉಪಾಯ ಕೆಲಸ ಮಾಡುತ್ತದೆ. ಇಂಥ ಮಾತು ಎದುರಾದಾಗ ಕೇಳುಗನ ಮುಂದೆ ಎರಡು ದಾರಿಗಳಿರುತ್ತವೆ. ಮಠದ ಪ್ರವಚನಕಾರನಂತೆ ಹೂವನ್ನು ಜ್ಞಾನವೆಂದೂ ಮುನಿಸನ್ನು ಅಹಂಕಾರವೆಂದೂ ಬಿಡಿಸಿ ತಲೆದೂಗುವುದು ಒಂದು. ಹೂವನ್ನು ಬರಿಯ ಹೂವೆಂದೇ ಹಿಡಿದು, ಇಲ್ಲವೆ ಬೇಕೆಂದೇ ಇನ್ನೇನೋ ಎಂದು ಹಿಡಿದು, ಗಂಭೀರ ಅರ್ಥ ಹೇಳುವವನನ್ನು ಪೇಚಿಗೆ ಸಿಕ್ಕಿಸುವುದು ಇನ್ನೊಂದು. ಈ ಎರಡನೆಯ ಕುಚೋದ್ಯವನ್ನು ಈಗಿನ ಸಿನಿಮಾ ಅಭಿಮಾನಿಗಳು ಹುಟ್ಟಿಸಿದ ಚಾಳಿಯೆಂದು ತಿಳಿಯುವುದುಂಟು. ಆದರೆ ಕೃಷ್ಣಾತೀರದ ಆಟಗಳಲ್ಲಿ ಕುಚೋದ್ಯದ ಓದುಗನಿಗೆ ಬಹಳ ಹಿಂದೆಯೇ ರಂಗದ ಮೇಲೆ ಒಂದು ಪಾತ್ರವಿತ್ತು, ಒಂದು ವೇಷವಿತ್ತು, ಮೇಳದ ಆದಾಯದಲ್ಲಿ ಅವನಿಗೂ ಪಾಲಿತ್ತು. ಆ ಪಾತ್ರ ಕಾಲಕ್ರಮದಲ್ಲಿ ಅಟ್ಟದಿಂದ ಕೆಳಗಿಳಿದು ನೋಡುಗರ ನಡುವೆ ಬಂದು ಕೂತದ್ದೇ ಇಲ್ಲಿನ ವಿಷಯ.

ಈ ಪ್ರದೇಶ 1948ರವರೆಗೆ ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದಾಗಿತ್ತು, ರಬಕವಿ ಮತ್ತು ತೇರದಾಳ ಸಾಂಗಲಿಯ ಪಟವರ್ಧನರಿಗೆ ಸೇರಿದ್ದವು. ಬೀಳಗಿ ಮಾತ್ರ ಬ್ರಿಟಿಷರ ನೇರ ಆಳ್ವಿಕೆಯ ಕಲಾದಗಿ ಜಿಲ್ಲೆಯಲ್ಲಿದ್ದು, ಜಿಲ್ಲೆಯ ಕೇಂದ್ರಸ್ಥಾನ 1885ರಲ್ಲಿ ಬದಲಾದಾಗ ಬಿಜಾಪುರ ಜಿಲ್ಲೆಯ ಭಾಗವಾಯಿತು. ಅರಮನೆಯ ನುಡಿ ಮರಾಠಿಯಾಗಿ, ಸಂತೆಯ ಮತ್ತು ಮಗ್ಗದ ಮನೆಯ ನುಡಿ ಕನ್ನಡವಾಗಿ ನಡೆದ ಈ ನಾಡಿನಲ್ಲಿ ಕೀರ್ತನ, ತಮಾಷಾ, ಲಾವಣಿ, ಬಯಲಾಟಗಳು ಒಂದರ ಹದ್ದನ್ನು ಇನ್ನೊಂದು ದಾಟುತ್ತಿದ್ದವು. ಆಳುವವರ ಮುಂದೆ ಒಂದು ಅರ್ಥ, ಅವರ ಬೆನ್ನ ಹಿಂದೆ ಇನ್ನೊಂದು ಅರ್ಥ ಬರುವಂತೆ ಮಾತಾಡುವುದು ಇಂಥ ಕಡೆಗಳಲ್ಲಿ ಜಾಣತನವಷ್ಟೇ ಆಗಿರದೆ ಬದುಕಿನ ಅಗತ್ಯವೂ ಆಗಿರುತ್ತದೆ.

ಎರಡು ಅರ್ಥಗಳ ಈ ಕಲೆಗೆ ಈ ನೆಲದಲ್ಲಿ ಸಾವಿರ ವರ್ಷದ ಹಿಂದಿನ ಒಂದು ದೊಡ್ಡ ಉದಾಹರಣೆಯುಂಟು. ಕವಿ ರನ್ನ ತನ್ನ ಊರನ್ನು ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತರ ಮುದುವೊಳಲು ಎಂದು ಗುರುತಿಸಿಕೊಂಡಿದ್ದಾನೆ. ಐನೂರು, ಎಪ್ಪತ್ತು ಎಂಬ ಸಂಖ್ಯೆಗಳು ಆ ಕಾಲದ ಆಡಳಿತ ವಿಭಾಗಗಳನ್ನು ಸೂಚಿಸುತ್ತವೆ, ಜಂಬುಖಂಡಿ ಇಂದಿನ ಜಮಖಂಡಿ, ಮುದುವೊಳಲು ಇಂದಿನ ಮುಧೋಳ. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನಕ್ಕೇರಿದ ಈ ಕವಿ ‘ಸಾಹಸಭೀಮವಿಜಯ’ ಅಥವಾ ‘ಗದಾಯುದ್ಧ’ದಲ್ಲಿ ತನ್ನ ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಒಂದುಮಾಡಿ ಬರೆದಿದ್ದರಿಂದ, ಕಾವ್ಯದ ಯಾವ ಸಾಲಿನಲ್ಲಿ ಪಾಂಡವ ಭೀಮ ಗದೆ ಎತ್ತುತ್ತಾನೆ, ಯಾವ ಸಾಲಿನಲ್ಲಿ ಚಾಲುಕ್ಯ ದೊರೆ ಎತ್ತುತ್ತಾನೆ ಎಂಬುದನ್ನು ಓದುಗ ಏಕಕಾಲಕ್ಕೆ ಲೆಕ್ಕ ಹಾಕುತ್ತಲೇ ಹೋಗಬೇಕಾಗುತ್ತದೆ. ಅಷ್ಟು ವೀರಾವೇಶದ ಕಾವ್ಯದೊಳಕ್ಕೂ ರನ್ನ ಒಬ್ಬ ವಿದೂಷಕನನ್ನು ತಂದಿದ್ದಾನೆ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ರಂಗಕ್ಕೆ ಅಳವಡಿಸಿ ‘ಗದಾಯುದ್ಧ ನಾಟಕಂ’ ಎಂದು ರೂಪಿಸಿದ್ದರ ಹಿಂದೆ ಈ ಕಾವ್ಯದ ಸಂಭಾಷಣೆಯ ಗುಣವೇ ಕಾರಣವಾಗಿದೆ. ರನ್ನನ ವಿದೂಷಕನಿಂದ, ದೊಡ್ಡಾಟವೆಂಬ ಬಯಲಾಟದಲ್ಲಿ ಬಂದ ಪಾತ್ರಗಳನ್ನು ತಡೆದು ಕೇಳುವ ಸಾರಥಿಯವರೆಗೆ ನೇರವಾದ ವಂಶಾವಳಿ ಎಳೆಯುವುದು ಉತ್ಸಾಹದ ಅತಿರೇಕವಾದೀತು. ಆದರೂ ಹಿರಿಮೆಯ ಪಕ್ಕದಲ್ಲಿ ಅದನ್ನು ಗೇಲಿ ಮಾಡುವವನನ್ನು ನಿಲ್ಲಿಸುವ ಬುದ್ಧಿ ಈ ಊರಿನ ಮೊದಲ ದೊಡ್ಡ ಕವಿಯಲ್ಲಿಯೇ ಇತ್ತೆಂಬುದು ಗಮನಿಸತಕ್ಕದ್ದು.

ಉತ್ತರ ಕರ್ನಾಟಕದಲ್ಲಿ ಬಯಲಾಟವನ್ನು ದೊಡ್ಡಾಟ ಮತ್ತು ಸಣ್ಣಾಟ ಎಂದು ಎರಡಾಗಿ ವಿಂಗಡಿಸುವುದು ರೂಢಿ. ಪುರಾಣದ ಯುದ್ಧಕಥೆಗಳನ್ನು ಭಾರವಾದ ಕಿರೀಟ, ಭುಜಕೀರ್ತಿ, ಕುಣಿತಗಳೊಡನೆ ಎತ್ತರವಾದ ಅಟ್ಟದ ಮೇಲೆ ಆಡುವುದು ದೊಡ್ಡಾಟ; ಸಾಮಾಜಿಕ ಅಥವಾ ಭಕ್ತಿಯ ವಸ್ತುವನ್ನು ಹಗುರಾದ ವೇಷದಲ್ಲಿ, ಹಾಡಿಗೆ ಹೆಚ್ಚು ಒತ್ತು ಕೊಟ್ಟು ಆಡುವುದು ಸಣ್ಣಾಟ. ದೊಡ್ಡಾಟದಲ್ಲಿ ರಾಜನಾಗಲಿ ರಾಕ್ಷಸನಾಗಲಿ ಅಟ್ಟಕ್ಕೆ ಬಂದ ಕೂಡಲೆ ಕಥೆ ಮುಂದುವರಿಯುವುದಿಲ್ಲ. ಅವನು ಮೊದಲು ಸಾರಥಿಯ ಕೈಗೆ ಸಿಗಬೇಕು. ಬಂದವರು ಯಾರು, ಯಾವ ಪಟ್ಟಣದವರು, ಹೆಸರೇನು, ಇಷ್ಟು ಅಬ್ಬರವೇಕೆ ಎಂದು ಸಾರಥಿ ವಿಚಾರಿಸುತ್ತಾನೆ. ವೇಷಧಾರಿ ತನ್ನ ಬಿರುದುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ಸಾರಥಿ ಪ್ರತಿಯೊಂದು ಬಿರುದನ್ನೂ ಅಕ್ಷರಶಃ ಹಿಡಿದು ಇನ್ನೊಂದು ಪ್ರಶ್ನೆ ಹಾಕುತ್ತಾನೆ. ಮೂರು ಲೋಕದ ಗಂಡ ತಾನೆಂದು ದೊರೆ ಮೀಸೆ ತಿರುವಿದರೆ, ಮೂರೂ ಮದುವೆಗಳ ಊಟದ ಖರ್ಚು ಹೊತ್ತವರು ಯಾರೆಂದು ಕೇಳುವಂಥ ಪ್ರಶ್ನೆಗಳು ಇವು. ಪುರಾಣದ ಉತ್ಪ್ರೇಕ್ಷೆಯನ್ನು ನೋಡುಗ ಸಂಕೇತವಾಗಿ ಗ್ರಹಿಸಬೇಕೆಂಬುದು ಕವಿಯ ನಿರೀಕ್ಷೆ; ಸಾರಥಿಯಾದರೋ ಅದನ್ನು ಹೊಲಮನೆಯ ಲೆಕ್ಕಕ್ಕೆ ಇಳಿಸುತ್ತಾನೆ. ಸಾರಥಿ ದಡ್ಡನಲ್ಲ, ದಡ್ಡನಂತೆ ನಟಿಸುವವನು ಎಂಬುದು ಎಲ್ಲರಿಗೂ ತಿಳಿದಿರುವುದರಿಂದ, ನೋಡುಗ ಒಂದೇ ಹೊತ್ತಿಗೆ ದೊರೆಯ ಅರ್ಥವನ್ನೂ ಸಾರಥಿಯ ಅಪಾರ್ಥವನ್ನೂ ಅನುಭವಿಸುತ್ತಾನೆ. ಮಾತಿನ ಈ ಭಾಗ ಬರಹದಲ್ಲಿ ಪೂರ್ತಿಯಾಗಿ ಇರುತ್ತಿರಲಿಲ್ಲ. ಊರಿನ ಗೌಡ, ಕುಲಕರ್ಣಿ, ಸಾಹುಕಾರರ ಸುದ್ದಿ ಅದರೊಳಗೆ ನುಸುಳುತ್ತಿದ್ದುದರಿಂದ ಸಾರಥಿಯ ಪಾತ್ರಕ್ಕೆ ಮೇಳದಲ್ಲಿ ಅತ್ಯಂತ ಚುರುಕಾದವನನ್ನೇ ಹುಡುಕಬೇಕಾಗುತ್ತಿತ್ತು.

ಈ ಸೀಮೆಯ ನಗೆಯ ಓದು ತನ್ನ ಪೂರ್ಣ ರೂಪವನ್ನು ತಲುಪಿದ್ದು ‘ಶ್ರೀಕೃಷ್ಣ ಪಾರಿಜಾತ’ದಲ್ಲಿ. ಪರಂಪರೆ ಇದರ ರಚನೆಯನ್ನು ಅಪರಾಳ ತಮ್ಮಣ್ಣನಿಗೂ, ಅದನ್ನು ರಂಗಕ್ಕೆ ಹೊಂದಿಸಿ ಹಬ್ಬಿಸಿದ ಶ್ರೇಯಸ್ಸನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನಿಗೂ ಸಲ್ಲಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಸತ್ಯಭಾಮೆಯ ಪಾತ್ರದಿಂದ ಕೌಜಲಗಿ ನಿಂಗಮ್ಮ ಹೆಸರಾದಳು, ಹೆಣ್ಣು ಅಟ್ಟ ಏರುವುದು ಅಪರೂಪವಾಗಿದ್ದ ಕಾಲದಲ್ಲಿ ಅವಳ ಭಾಮೆ ಮುಂದಿನ ನಟರೆಲ್ಲರಿಗೂ ಅಳತೆಗೋಲಾದಳು. ಮುಧೋಳ ತಾಲೂಕಿನ ಲೋಕಾಪುರವೂ ಸೇರಿದಂತೆ ಘಟಪ್ರಭೆಯ ಎರಡೂ ದಂಡೆಯ ಊರುಗಳಲ್ಲಿ ಇದರ ಮೇಳಗಳು ಬೇರುಬಿಟ್ಟವು. ಕಥೆ ಸರಳವಾದದ್ದು: ನಾರದ ದೇವಲೋಕದ ಪಾರಿಜಾತದ ಹೂವೊಂದನ್ನು ಕೃಷ್ಣನಿಗೆ ತಂದುಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ, ಮುನಿಸು ತಿಳಿಯಾಗಿಸಲು ಕೃಷ್ಣ ನಾನಾ ಉಪಾಯ ಹೂಡುತ್ತಾನೆ. ಈ ಎಳೆಯಷ್ಟನ್ನೇ ಹಿಡಿದು ಮೇಳದವರು ಒಂದು ಇಡೀ ರಾತ್ರಿಯನ್ನು ತುಂಬುತ್ತಾರೆ.

ಭಕ್ತಿಯ ವ್ಯಾಖ್ಯಾನಕ್ಕೆ ಈ ಕಥೆ ತಾನಾಗಿಯೇ ಒದಗುತ್ತದೆ. ರುಕ್ಮಿಣಿ ಶರಣಾಗತಿ, ಭಾಮೆ ಅಹಂಕಾರ, ಪಾರಿಜಾತ ಕೃಪೆ, ಕೃಷ್ಣ ಪರಮಾತ್ಮ ಎಂದು ಹೇಳಿಬಿಟ್ಟರೆ ಒಂದು ಪ್ರವಚನಕ್ಕೆ ಸಾಲುವಷ್ಟು ಸಾಮಗ್ರಿ ದೊರೆಯುತ್ತದೆ, ಮತ್ತು ಆಟದ ಹಾಡುಗಳು ಈ ಅರ್ಥವನ್ನು ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಆದರೆ ಹಾಡು ಮುಗಿದು ಮಾತು ಆರಂಭವಾದೊಡನೆ ಇನ್ನೊಂದು ಲೋಕ ತೆರೆಯುತ್ತದೆ. ಭಾಗವತ, ಅಂದರೆ ಕಥೆ ನಡೆಸುವ ಸೂತ್ರಧಾರ, ಅಥವಾ ಮೇಳದಿಂದ ಮೇಳಕ್ಕೆ ಬದಲಾಗುವಂತೆ ಭಾಮೆಯ ದೂತಿ, ಪ್ರತಿಯೊಂದು ಪಾತ್ರವನ್ನೂ ತಡೆದು ನಿಲ್ಲಿಸಿ ಕೆದಕುತ್ತಾನೆ. ಅವನ ಕಣ್ಣಿಗೆ ಪಾರಿಜಾತ ಕೃಪೆಯಾಗಿ ಕಾಣುವುದಿಲ್ಲ. ಇಬ್ಬರು ಹೆಂಡಿರಿರುವ ಮನೆಗೆ ಒಂದೇ ಹೂ ತಂದ ನೆಂಟನ ಅವಿವೇಕವಾಗಿ ಕಾಣುತ್ತದೆ. ನಾರದ ತ್ರಿಲೋಕ ಸಂಚಾರಿ ಎಂಬುದು ಅವನಿಗೆ ಊರೂರಿಗೆ ಚಾಡಿ ಒಯ್ಯುವವನೆಂಬುದರ ಗೌರವದ ಹೆಸರು. ಭಾಮೆ ತನ್ನ ಒಡೆಯನ ಮಹಿಮೆಯನ್ನು ದಶಾವತಾರಗಳ ಮೂಲಕ ವರ್ಣಿಸಲು ಹೊರಟರೆ ಮೀನು, ಆಮೆ, ಹಂದಿಗಳ ನಡುವೆ ಇಷ್ಟು ಚೆಲುವೆಯಾದವಳು ಹೇಗೆ ಸಂಸಾರ ಮಾಡಿದಳೆಂಬ ಸಂಶಯ ಹುಟ್ಟುತ್ತದೆ. ಈ ಪ್ರಶ್ನೆಗಳಿಗೆ ಭಾಮೆ ಕೋಪಿಸಿಕೊಳ್ಳಬೇಕು. ಆ ಕೋಪದಲ್ಲಿ ಅವಳು ಇನ್ನೂ ದೊಡ್ಡ ಮಾತು ಆಡಬೇಕು. ಆ ದೊಡ್ಡ ಮಾತು ಮುಂದಿನ ಅಪಾರ್ಥಕ್ಕೆ ಮೇವಾಗಬೇಕು. ಭಾಗವತನ ಅಪಾರ್ಥವನ್ನು ಕೇಳಿ ನಕ್ಕವರು ಅದೇ ಗಳಿಗೆಯಲ್ಲಿ ಮೂಲದ ಅರ್ಥವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡಿರುತ್ತಾರೆ, ಏಕೆಂದರೆ ಅದು ತಿಳಿಯದವನಿಗೆ ನಗೆ ಬರುವುದೇ ಇಲ್ಲ. ಈ ಕುಚೋದ್ಯ ಭಕ್ತಿಗೆ ಧಕ್ಕೆ ತಂದಿತೆಂದು ಗೊಣಗುವ ವಿದ್ವಾಂಸರು ಈ ಸಂಗತಿಯನ್ನು ಮರೆಯುತ್ತಾರೆ.

ಕೊರವಂಜಿಯ ಪ್ರಸಂಗದಲ್ಲಿ ಆಟ ಇನ್ನೂ ಜಟಿಲವಾಗುತ್ತದೆ. ಕೊರವಂಜಿ ಎಂದರೆ ಬುಟ್ಟಿ ಹೊತ್ತು ಊರೂರು ಅಲೆದು ಅಂಗೈ ನೋಡಿ ಕಣಿ ಹೇಳುವ ಹೆಣ್ಣು. ಗೆರೆಗಳನ್ನು ಭವಿಷ್ಯವಾಗಿ ಬಿಡಿಸುವುದು ಅವಳ ಕಸುಬಾದ್ದರಿಂದ ಸಂಕೇತ ಓದುವ ವೃತ್ತಿಪರಳೆಂದೇ ಅವಳನ್ನು ಕರೆಯಬಹುದು. ಸರ್ವಜ್ಞನಾದ ಕೃಷ್ಣ ಈ ವೇಷ ತೊಟ್ಟು ತನ್ನ ಹೆಂಡತಿಯ ಅಂಗೈ ಹಿಡಿದು, ತಾನೇ ಮಾಡಿದ ತಪ್ಪನ್ನು ಗ್ರಹಗತಿಯ ತಲೆಗೆ ಕಟ್ಟುತ್ತಾನೆ. ನಿಂಗಮ್ಮನಂಥವರನ್ನು ಬಿಟ್ಟರೆ ಹೆಣ್ಣಿನ ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ, ಹೆಣ್ಣಾಗಿ ನಟಿಸುವ ಗಂಡಿನ ಎದುರಿಗೆ ದೇವರಾಗಿ ನಟಿಸುವ ಗಂಡು ಹೆಣ್ಣಿನ ವೇಷದಲ್ಲಿ ನಿಂತು ಮೊರದ ತುಂಬ ಕಾಳು ಕೇಳುತ್ತಿದ್ದ. ಭಾಮೆಗೆ ತಿಳಿಯದ ಗುಟ್ಟು ನೋಡುಗರೆಲ್ಲರಿಗೂ ತಿಳಿದಿರುತ್ತಿತ್ತು. ಇಲ್ಲಿ ಅರ್ಥ ಹೇಳುವವನೇ ವೇಷಧಾರಿಯಾಗಿರುವುದರಿಂದ ವ್ಯಾಖ್ಯಾನವೆಂಬ ಕೆಲಸವೇ ನಗೆಯ ವಸ್ತುವಾಗಿಬಿಡುತ್ತದೆ. ಕಣಿ ಹೇಳುವವರನ್ನೂ ಪುರಾಣದ ಗೂಢಾರ್ಥ ಬಿಡಿಸುವವರನ್ನೂ ಒಂದೇ ಬುಟ್ಟಿಯಲ್ಲಿ ಕೂರಿಸಿದ ಈ ಪ್ರಸಂಗವನ್ನು ಮಠದ ಅಂಗಳದಲ್ಲಿಯೇ ಆಡಿಸಿದ ಸಮಾಜದ ಸಹನೆಯೂ ಮೆಚ್ಚತಕ್ಕದ್ದೇ.

ಆಟದಲ್ಲಿ ಒಬ್ಬನೇ ಮಾಡುತ್ತಿದ್ದ ಈ ಕೆಲಸವನ್ನು ಹರದೇಶಿ-ನಾಗೇಶಿ ಮೇಳಗಳು ಎರಡು ಪಕ್ಷಗಳಾಗಿ ಹಂಚಿಕೊಂಡವು. ಲಾವಣಿ ಹಾಡುವ ಈ ಎರಡು ಪಂಥಗಳಲ್ಲಿ ಹರದೇಶಿಯವರು ಶಿವನ, ಅಂದರೆ ಪುರುಷತತ್ವದ ಹಿರಿಮೆಯನ್ನೂ, ನಾಗೇಶಿಯವರು ಶಕ್ತಿಯ, ಅಂದರೆ ಪ್ರಕೃತಿಯ ಹಿರಿಮೆಯನ್ನೂ ಎತ್ತಿ ಹಿಡಿಯುತ್ತಾರೆ. ಮರಾಠಿಯ ಕಲಗಿ-ತುರಾ ಪಂಥಗಳು ಇವಕ್ಕೆ ಸಮಾನವಾದವು. ಡಪ್ಪು, ತುಂತುಣಿ, ತಾಳಗಳ ಹಿಮ್ಮೇಳದೊಡನೆ ಒಂದು ಮೇಳ ಪುರಾಣದ ಮರ್ಮವೊಂದನ್ನು ಸವಾಲಾಗಿ ಒಡ್ಡಿದರೆ ಇನ್ನೊಂದು ಮೇಳ ಜವಾಬು ಕೊಡಬೇಕು, ಕೊಡಲಾರದಿದ್ದರೆ ಸೋಲೊಪ್ಪಬೇಕು, ಸೋಲೊಪ್ಪಲು ಮನಸ್ಸಿಲ್ಲದಿದ್ದರೆ ನಗಿಸಿ ಪಾರಾಗಬೇಕು. ಬೀಜ ದೊಡ್ಡದೋ ಹೊಲ ದೊಡ್ಡದೋ ಎಂಬಂಥ ಪ್ರಶ್ನೆ ಸಾಂಖ್ಯದರ್ಶನದ ಪುರುಷ-ಪ್ರಕೃತಿಗಳ ಚರ್ಚೆಯಾಗಿ ಆರಂಭವಾಗಿ ನಡುರಾತ್ರಿಯ ಹೊತ್ತಿಗೆ ಗಂಡಹೆಂಡಿರ ಜಗಳದ ಮಟ್ಟಕ್ಕೆ ಇಳಿದಿರುತ್ತಿತ್ತು. ಸರಿಯಾದ ಜವಾಬಿಗೆ ಸಿಗುವ ಮೆಚ್ಚುಗೆಗಿಂತ ಜಾಣತನದ ತಪ್ಪು ಜವಾಬಿಗೆ ಸಿಗುವ ಕೇಕೆ ಎಷ್ಟೋ ಸಲ ದೊಡ್ಡದಾಗಿದ್ದುದರಿಂದ, ಜಯಾಪಜಯಗಳ ತೀರ್ಮಾನ ಶಾಸ್ತ್ರಬಲ್ಲ ಹಿರಿಯರ ಕೈ ತಪ್ಪಿ ನೆರೆದ ಜನರ ಕೈ ಸೇರಿತು. ಇದೇ ಲಾವಣಿಯ ದಾರಿಯಲ್ಲಿ ಬೆಳೆದ ಗೀಗೀ ಪದ ಮುಂದೆ ಹುಲಕುಂದದ ಭೀಮಕವಿ ಮೊದಲಾದವರ ಕೈಯಲ್ಲಿ ಸ್ವಾತಂತ್ರ್ಯ ಹೋರಾಟದ ಹಾಡಾಯಿತು.

ಆಳುವವರೂ ಈ ಹಾಡುಗಳ ಅರ್ಥ ಬಿಡಿಸಲು ಕೂತದ್ದುಂಟು. ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಧಿಕ್ಕರಿಸಿದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರನ್ನು ಬ್ರಿಟಿಷ್ ದಂಡು 1857ರ ನವೆಂಬರಿನಲ್ಲಿ ಮಟ್ಟಹಾಕಿದ ಮೇಲೆ ಆ ಘಟನೆಯನ್ನು ಕುರಿತು ಹುಟ್ಟಿದ ಲಾವಣಿಯನ್ನು, ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್ ಸಂಗ್ರಹಿಸಿ, ಅನುವಾದದೊಡನೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದ. ತನ್ನ ಸರ್ಕಾರದ ದೌರ್ಜನ್ಯವನ್ನು ಹಾಡಿದ ಪದವನ್ನು ಅಧಿಕಾರಿಯೇ ಶ್ರದ್ಧೆಯಿಂದ ಟಿಪ್ಪಣಿ ಸಹಿತ ಉಳಿಸಿಕೊಟ್ಟ ಈ ಸಂಗತಿಗೆ ಸಾರಥಿಯೊಬ್ಬನ ಪ್ರಶ್ನೆ ಬಾಕಿ ಉಳಿದಿದೆ.

ರಂಗಭೂಮಿ ಬಯಲಿನಿಂದ ಪರದೆಯ ಹಿಂದಕ್ಕೆ ಸರಿದ ಕಾಲದಲ್ಲಿ ಸಾಂಗಲಿ ಮುಖ್ಯ ಕೇಂದ್ರವಾಯಿತು. ಕರ್ನಾಟಕದ ಕರಾವಳಿಯಿಂದ ಬಂದ ಭಾಗವತ ಮೇಳದ ಆಟವನ್ನು ನೋಡಿದ ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನ ಅಂಥದೇ ಒಂದನ್ನು ಮರಾಠಿಯಲ್ಲಿ ಕಟ್ಟಲು ವಿಷ್ಣುದಾಸ ಭಾವೆಯವರಿಗೆ ಸೂಚಿಸಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಿತು, ಅದರಲ್ಲಿ ಸೂತ್ರಧಾರನೂ ವಿದೂಷಕನೂ ಉಳಿದುಕೊಂಡರು. ಮುಂದೆ ಕಂಪನಿ ನಾಟಕಗಳು ಚೌಕಟ್ಟಿನ ರಂಗ, ಬರೆದಿಟ್ಟ ಸಂಭಾಷಣೆ, ಟಿಕೀಟಿನ ಆಸನಗಳನ್ನು ತಂದಾಗ ಪ್ರತಿ ಪಾತ್ರವನ್ನೂ ತಡೆದು ಕೇಳುವ ಸಾರಥಿಗೆ ಜಾಗ ಉಳಿಯಲಿಲ್ಲ. ಹಾಸ್ಯ ಬೇರೊಂದು ದೃಶ್ಯವಾಗಿ ಮುಖ್ಯ ಕಥೆಯಿಂದ ದೂರ ನಿಂತಿತು. ಪ್ರಶ್ನೆ ಕೇಳುವ ಹಕ್ಕು ಕತ್ತಲೆಯಲ್ಲಿ ಕೂತ ನೋಡುಗನಿಗೆ ಬಿತ್ತು.

ಅದೇ ಸಾಂಗಲಿಯಲ್ಲಿ 1872ರಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲಕರ 1907ರಲ್ಲಿ ‘ಕೀಚಕವಧ’ವನ್ನು ರಂಗಕ್ಕೆ ತಂದರು. ಮೇಲ್ನೋಟಕ್ಕೆ ವಿರಾಟನಗರದ ಕಥೆ. ನಾಟಕದಲ್ಲಿ ಸಮಕಾಲೀನರ ಹೆಸರು ಒಂದೂ ಇಲ್ಲ. ಆದರೆ 1905ರ ಬಂಗಾಳ ವಿಭಜನೆಯ ನೋವು ಹಸಿಯಾಗಿದ್ದಾಗ ಕೀಚಕ ಲಾರ್ಡ್ ಕರ್ಜನ್ ಎಂದೂ, ದ್ರೌಪದಿ ಭಾರತವೆಂದೂ, ತಾಳ್ಮೆ ಬೋಧಿಸುವ ಧರ್ಮರಾಜ ಮಂದಗಾಮಿಗಳೆಂದೂ, ಕೈ ಮಾಡುವ ಭೀಮ ತೀವ್ರಗಾಮಿಗಳೆಂದೂ ಟಿಕೀಟು ಕೊಂಡವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಂಗ್ಲ ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ 1910ರಲ್ಲಿ ಪ್ರಕಟಿಸಿದ ‘ಇಂಡಿಯನ್ ಅನ್‌ರೆಸ್ಟ್’ ಈ ಸಮೀಕರಣಗಳನ್ನು ಒಂದೊಂದಾಗಿ ವಿವರಿಸಿತು. ಅದೇ ವರ್ಷ ಮುಂಬಯಿ ಸರ್ಕಾರ 1876ರ ನಾಟಕ ಪ್ರದರ್ಶನ ಕಾಯ್ದೆಯ ಅಡಿ ನಾಟಕವನ್ನು ನಿಷೇಧಿಸಿತು. ನಿಷೇಧಿಸಬೇಕಾದರೆ ಕೀಚಕ ತಮ್ಮ ಹಿಂದಿನ ವೈಸರಾಯನೇ ಹೌದೆಂದು ಸರ್ಕಾರ ಒಪ್ಪಿಕೊಳ್ಳಬೇಕಿತ್ತು, ಪರಸ್ತ್ರೀಗೆ ಕೈಹಾಕಿ ಗರಡಿಯಾಳಿನಿಂದ ಮುದ್ದೆಯಾದವನೊಡನೆ ಕರ್ಜನ್ನರ ಹೋಲಿಕೆ ಸರಿಯಾಗಿದೆಯೆಂದು ಕಡತದಲ್ಲಿ ದಾಖಲಿಸಬೇಕಿತ್ತು. ಸಂಕೇತದ ಅತ್ಯಂತ ನಿಷ್ಠಾವಂತ ವ್ಯಾಖ್ಯಾನಕಾರನ ಪಟ್ಟ ಹೀಗೆ ಸೆನ್ಸಾರ್ ಅಧಿಕಾರಿಗೆ ದೊರೆಯಿತು. ನಾಟಕಕಾರ ತಾನು ಬರೆದದ್ದು ಮಹಾಭಾರತವಷ್ಟೇ ಎನ್ನುವ ಸಾರಥಿಯ ಮುಗ್ಧತೆಯನ್ನು ತನ್ನ ಬಳಿಯೇ ಉಳಿಸಿಕೊಳ್ಳಬಹುದಾಗಿತ್ತು. ಸತ್ಯಾಶ್ರಯನಿಗೆ ಒಪ್ಪುವಂತೆ ರನ್ನ ತಿದ್ದಿದ ಭೀಮ ಒಂಬೈನೂರು ವರ್ಷಗಳ ನಂತರ ಕೃಷ್ಣೆಯ ದಂಡೆಯ ಇನ್ನೊಬ್ಬ ಬರಹಗಾರನ ಕೈಯಲ್ಲಿ ದೊರೆತನಕ್ಕೇ ಎದುರಾಳಿಯಾದ.

ಸಿನಿಮಾದ ಕಾಲಕ್ಕೆ ಬಂದರೆ ಕಥೆ ಬೀಳಗಿಗೆ ಬರುತ್ತದೆ. ಬೀಳಗಿಯಲ್ಲಿ ಹುಟ್ಟಿ, ಅಲ್ಲಿನ ಹಾಡು ಮತ್ತು ನಾಟಕದ ವಾತಾವರಣದಿಂದ ಹೊರಟು ಮುಂಬಯಿ ತಲುಪಿದ ಅಕ್ಕತಂಗಿಯರಲ್ಲಿ ಗೋಹರ್ ಕರ್ನಾಟಕಿ ಮರಾಠಿ ರಂಗನಟ ಬಾಲಗಂಧರ್ವರ ಜೊತೆಗೆ ನಾಯಕಿಯಾಗಿ ರಂಗವೇರಿದಳು. ಅಮೀರ್‌ಬಾಯಿ ಕರ್ನಾಟಕಿ 1930ರ ದಶಕದಿಂದ ಚಲನಚಿತ್ರಗಳಲ್ಲಿ ನಟಿಸುತ್ತ, ಅದಕ್ಕಿಂತ ಹೆಚ್ಚಾಗಿ ಹಾಡುತ್ತ ದೇಶದಾದ್ಯಂತ ಹೆಸರಾದಳು. ವಿಜಯಪುರದ ಅಮೀರ್ ಟಾಕೀಸು ಅವಳ ಹೆಸರನ್ನು ತನ್ನ ಸೀಮೆಯಲ್ಲಿ ಉಳಿಸಿತು. ರಹಮತ್ ತರೀಕೆರೆಯವರು ಅವಳ ಬದುಕನ್ನು ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ಬಾಂಬೆ ಟಾಕೀಸಿನವರು ಜ್ಞಾನ್ ಮುಖರ್ಜಿಯವರ ನಿರ್ದೇಶನದಲ್ಲಿ ತಯಾರಿಸಿ 1943ರ ಜನವರಿಯಲ್ಲಿ ಬಿಡುಗಡೆ ಮಾಡಿದ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತ ನೀಡಿದ್ದರು, ಕವಿ ಪ್ರದೀಪ್ ಹಾಡು ಬರೆದಿದ್ದರು. ಅದರೊಳಗೆ ಒಂದು ನಾಟಕದ ದೃಶ್ಯವಿದ್ದು, ಹಿಂದೂಸ್ತಾನ ನಮ್ಮದು, ಪರಕೀಯರು ದೂರ ಸರಿಯಲಿ ಎಂಬ ಭಾವದ ಮೇಳಗೀತೆಯೊಂದು ಬರುತ್ತದೆ; ಅದನ್ನು ಹಾಡಿದವರು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನ. 1942ರ ಆಗಸ್ಟಿನ ಚಲೇಜಾವ್ ಚಳವಳಿಯ ನಾಯಕರು ಜೈಲಿನಲ್ಲಿದ್ದ ಆ ತಿಂಗಳುಗಳಲ್ಲಿ ಇಂಥ ಗೀತೆ ಸೆನ್ಸಾರನ್ನು ದಾಟಿದ್ದಕ್ಕೆ ಕಾರಣ ಅದರಲ್ಲಿ ಜರ್ಮನ್ ಮತ್ತು ಜಪಾನಿಯರ ಹೆಸರು ಸೇರಿದ್ದುದು. ಮಹಾಯುದ್ಧದ ಶತ್ರುಗಳನ್ನು ಬೈಯುವ ಹಾಡು ಸರ್ಕಾರದ ಪ್ರಚಾರಕ್ಕೇ ಒದಗೀತೆಂದು ಅಧಿಕಾರಿಗಳು ಅಕ್ಷರಶಃ ನಂಬಿದರು.

ಥಿಯೇಟರಿನಲ್ಲಿ ಕೂತವರಿಗೆ ದೇಶದಲ್ಲಿ ತಳವೂರಿದ್ದ ಪರಕೀಯರು ಯಾರೆಂಬುದು ಗೊತ್ತಿತ್ತು. ಅವರು ಬರ್ಲಿನ್ನಿನಿಂದಾಗಲಿ ಟೋಕಿಯೋದಿಂದಾಗಲಿ ಬಂದವರಾಗಿರಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ, ಕೇಕೆ, ಮತ್ತೊಮ್ಮೆ ಎಂಬ ಕೂಗು ಏಳುತ್ತಿದ್ದುದರಿಂದ ಎಷ್ಟೋ ಕಡೆ ರೀಲನ್ನು ಹಿಂದಕ್ಕೆ ಸುತ್ತಿ ಮರಳಿ ತೋರಿಸಬೇಕಾಯಿತೆಂದೂ, ಬಂಧನದ ಭಯದಿಂದ ಪ್ರದೀಪ್ ಕೆಲಕಾಲ ತಲೆಮರೆಸಿಕೊಂಡರೆಂದೂ ಚಿತ್ರರಂಗದ ಇತಿಹಾಸ ಹೇಳುತ್ತದೆ. ಕಲಕತ್ತೆಯ ರಾಕ್ಸಿಯಲ್ಲಿ ಚಿತ್ರ ಮೂರು ವರ್ಷಕ್ಕೂ ಮೀರಿ ನಡೆಯಿತು. ‘ಕೀಚಕವಧ’ದ ಕಾಲದಲ್ಲಿ ಸರ್ಕಾರ ಗೂಢಾರ್ಥ ಬಿಡಿಸಿ ನಗೆಗೀಡಾಗಿತ್ತು, ‘ಕಿಸ್ಮತ್’ ಕಾಲದಲ್ಲಿ ಬಿಡಿಸದೆ ನಗೆಗೀಡಾಯಿತು. ಎರಡೂ ಸಲ ಸಾರಥಿಯ ಸ್ಥಾನದಲ್ಲಿ ಇದ್ದದ್ದು ಜನ. ಬಯಲಾಟದಲ್ಲಿ ಗಂಭೀರ ಮಾತಿಗೆ ಹುಸಿ ಅರ್ಥ ಹೇಳಿ ನಗಿಸಿದ್ದರೆ, ಇಲ್ಲಿ ಹುಸಿಯಾಗಿ ಸೇರಿಸಿದ್ದ ಎರಡು ಹೆಸರುಗಳನ್ನು ಕಿತ್ತೊಗೆದು ನಿಜವಾದ ಅರ್ಥವನ್ನು ಹಿಡಿದು ನಕ್ಕರು. ಬೀಳಗಿಯ ಕಂಠ ಆ ಹಾಡಿನಲ್ಲಿ ಸೇರಿದ್ದನ್ನು ಕಾಕತಾಳೀಯವೆಂದರೆ ಆಕ್ಷೇಪವಿಲ್ಲ, ಆದರೆ ದ್ವಂದ್ವಾರ್ಥದ ಮಾತನ್ನು ಎಲ್ಲಿ ಒತ್ತಬೇಕು, ಎಲ್ಲಿ ತೇಲಿಸಬೇಕೆಂಬ ಪಾಠಕ್ಕೆ ಬಯಲಾಟದ ಸೀಮೆಗಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ.

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟು ದೂರದ ಒಂದು ಚಿತ್ರದ ಕಡೆ ನೋಡಬಹುದು. ಅಪ್ಟನ್ ಸಿಂಕ್ಲೇರ್ 1927ರಲ್ಲಿ ಬರೆದ ‘ಆಯಿಲ್!’ ಕಾದಂಬರಿಯ ಆಧಾರದಲ್ಲಿ ಪಾಲ್ ಥಾಮಸ್ ಆಂಡರ್ಸನ್ 2007ರಲ್ಲಿ ನಿರ್ದೇಶಿಸಿದ ‘ದೇರ್ ವಿಲ್ ಬಿ ಬ್ಲಡ್’ ಕ್ಯಾಲಿಫೋರ್ನಿಯಾದ ಎಣ್ಣೆಬಾವಿಗಳ ಕಥೆ. ನೆಲ ಕೊರೆದು ಕಲ್ಲೆಣ್ಣೆ ಎತ್ತುವ ಡೇನಿಯಲ್ ಪ್ಲೇನ್‌ವ್ಯೂ ಎಂಬ ದುರಾಸೆಯ ಉದ್ಯಮಿಗೂ ಈಲೈ ಸಂಡೇ ಎಂಬ ಯುವ ಧರ್ಮಬೋಧಕನಿಗೂ ನಡೆಯುವ ಹಗೆತನವೇ ಅದರ ಎಳೆ. ಎಣ್ಣೆ ರಕ್ತದ ಸಂಕೇತ, ಬೋಧಕ ಮತ್ತು ಉದ್ಯಮಿ ಒಂದೇ ಲೋಭದ ಎರಡು ಮುಖ ಎಂದು ವಿಮರ್ಶಕರು ಬರೆದರು. ಅಭಿಮಾನಿಗಳು ಹಿಡಿದದ್ದು ಬೇರೆಯದನ್ನು: ಕೊನೆಯ ದೃಶ್ಯದಲ್ಲಿ ಪ್ಲೇನ್‌ವ್ಯೂ, ನೆರೆಯವನ ಜಮೀನಿನ ಕೆಳಗಿನ ಎಣ್ಣೆ ತನ್ನ ಬಾವಿಗಳ ಮೂಲಕ ಆಗಲೇ ಬರಿದಾಗಿದೆಯೆಂದು ವಿವರಿಸಲು ಉದ್ದನೆಯ ನಳಿಕೆಯಿಂದ ಇನ್ನೊಬ್ಬನ ಲೋಟದ ಮಿಲ್ಕ್‌ಶೇಕ್ ಹೀರುವ ಹೋಲಿಕೆ ಕೊಡುತ್ತಾನೆ. ಆ ಭಯಾನಕ ಸನ್ನಿವೇಶದ ಮಾತು ತಿಂಗಳೊಪ್ಪತ್ತಿನಲ್ಲಿ ಗೇಲಿಯ ನುಡಿಯಾಯಿತು, ಟೀವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಅಣಕವಾಯಿತು. ಚಿತ್ರದ ನಿಜವಾದ ವಿಷಯ ಹಾಲಿನ ಪಾನೀಯವೇ ಎಂದು ವಾದಿಸಿ ನಗಿಸುವವರೂ ಹುಟ್ಟಿಕೊಂಡರು. ಸಂಕೇತವನ್ನು ಅಕ್ಷರಶಃ ಹಿಡಿಯುವ ಈ ತಂತ್ರವನ್ನು ದೊಡ್ಡಾಟದ ಸಾರಥಿ ಗುರುತಿಸದೆ ಇರಲಾರ.

ಜಮಖಂಡಿ, ಮುಧೋಳಗಳ ರೈತನಿಗೆ ಎಣ್ಣೆಯೆಂದರೆ ಕುಸುಬಿಯ, ಶೇಂಗಾದ ಎಣ್ಣೆ. ಗಾಣವೆಂದರೆ ಈಗ ಹೆಚ್ಚಾಗಿ ಕಬ್ಬು ಅರೆಯುವ ಬೆಲ್ಲದ ಗಾಣ. ಆದರೆ ನಳಿಕೆಯ ಹೋಲಿಕೆಯನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ನೀರು ತಲುಪದ ಹೊಲಗಳಲ್ಲಿ ಕಬ್ಬು ಬೆಳೆಯಲು ಬೋರು ಕೊರೆಸಿದವನ ಬಾವಿ, ಪಕ್ಕದ ಹೊಲದವನು ಇನ್ನೂ ಆಳದ ಬೋರು ಹಾಕಿಸಿದ ಮೇಲೆ ಬತ್ತಿದರೆ ಆಗುವುದು ಪ್ಲೇನ್‌ವ್ಯೂ ವಿವರಿಸಿದ ಸಂಗತಿಯೇ. ಅಮೆರಿಕದ ನ್ಯಾಯಾಲಯಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ತನ್ನ ಜಮೀನಿನ ಬಾವಿಯಿಂದ ಎತ್ತಿದ ಎಣ್ಣೆ ನೆರೆಯವನ ನೆಲದ ಕೆಳಗಿನಿಂದ ಹರಿದು ಬಂದಿದ್ದರೂ ಎತ್ತಿದವನದೇ ಎಂಬ ನಿಯಮವನ್ನು ಒಪ್ಪಿದ್ದವು. ಭಾರತದಲ್ಲಿಯೂ 1882ರ ಸುಖಾಧಿಕಾರ ಕಾಯ್ದೆ, ಅಂದರೆ ಒಬ್ಬನ ಭೂಮಿಯ ಮೇಲೆ ಇನ್ನೊಬ್ಬನಿಗಿರುವ ಬಳಕೆಯ ಹಕ್ಕುಗಳನ್ನು ಹೇಳುವ ಕಾನೂನು, ನಿಶ್ಚಿತವಾದ ಪಾತ್ರದಲ್ಲಿ ಹರಿಯದ ಅಂತರ್ಜಲವನ್ನು ತನ್ನ ಹದ್ದಿನೊಳಗೆ ಸಂಗ್ರಹಿಸುವ ಹಕ್ಕನ್ನು ನೆಲದ ಒಡೆಯನಿಗೆ ಕೊಟ್ಟಿತು. ಕರ್ನಾಟಕ 2011ರ ಅಂತರ್ಜಲ ಕಾಯ್ದೆಯಿಂದ ಅದಕ್ಕೆ ಕಡಿವಾಣ ಹಾಕಲು ಹೊರಟಿತು. ಅಮೆರಿಕದ ನೋಡುಗ ನಗುತ್ತ ತಪ್ಪಾಗಿ ಹಿಡಿದ ಸಂಕೇತ ಕೃಷ್ಣಾತೀರದ ಕಬ್ಬಿನ ಗದ್ದೆಯಲ್ಲಿ ಸಂಕೇತವಾಗಿ ಉಳಿಯುವುದೇ ಇಲ್ಲ, ಅದು ತಹಶೀಲ್ದಾರರ ಕಚೇರಿಗೆ ಕೊಡುವ ಅರ್ಜಿಯ ಒಕ್ಕಣೆಯಾಗುತ್ತದೆ.